ಅಲುಗಾಡುವ ಪರಸಿ, ಅಲುಗಾಡದ ಆಡಳಿತ

ಕಲಬುರಗಿಯ ಅನುಕೂಲಸ್ಥರ ಮನೆಗಳಿಗೆ ಈಗ ಅರ್ಧ ಚೆಂಡು ಬಂದಿದೆ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಗುಮ್ಮಟ. ಹೆಸರು ಬೋಸು, ಅಮೆರಿಕದ ಡೇವಿಡ್ ವೆಕ್ 1999ರಲ್ಲಿ ರೂಪಿಸಿದ್ದು. ಅದರ ಮೇಲೆ ನಿಂತು ಬೈಠಕ್ ಹೊಡೆದರೆ ಬೀಳದಿರಲು ಪಾದದ ಕೀಲಿನಿಂದ ಸೊಂಟದವರೆಗೆ ಎಲ್ಲವೂ ದುಡಿಯಬೇಕಾಗುತ್ತದೆ. ಒಳ್ಳೆಯ ವ್ಯಾಯಾಮವೇ. 51ರಿಂದ 75 ವಯಸ್ಸಿನವರ ಮೇಲೆ ಬ್ರೆಜಿಲ್‌ನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂಟಿ ಕಾಲಿನ ಮೇಲೆ 10 ಸೆಕೆಂಡು ನಿಲ್ಲಲಾಗದವರಲ್ಲಿ ಸಾವಿನ ಪ್ರಮಾಣ ಹೆಚ್ಚೆಂದು ಕಂಡುಬಂದಿತ್ತು.

ನನ್ನ ತಕರಾರು ಚೆಂಡಿನ ಮೇಲಲ್ಲ, ಅದಕ್ಕೆ ತೆರುವ ದುಡ್ಡಿನ ಮೇಲೆ.

ನಮ್ಮ ಮನೆಗಳೊಳಗೆ ಹಾಸಿರುವುದು ಶಹಾಬಾದ್ ಕಲ್ಲಿನ ಪರಸಿ, ಅಂದರೆ ನೆಲಹಾಸಿನ ಚಪ್ಪಡಿ. ಅಜ್ಜಂದಿರು ಕೂರಿಸಿದ ಪರಸಿಯ ಮೇಲೆ ತೊಗರಿ ಮೂಟೆ ಇಳಿದಿವೆ, ಮದುವೆಯ ಪಂಕ್ತಿ ಕೂತಿವೆ. ಒಂದು ಕಲ್ಲೂ ಮಿಸುಕಿಲ್ಲ. ಅಂಥದೇ ಕಲ್ಲು ಹೊಸ್ತಿಲು ದಾಟಿ ಗಟಾರದ ಮೇಲೆ ಕೂತ ಕೂಡಲೇ ತಕ್ಕಡಿಯಾಗುತ್ತದೆ. ಇದು ಕಲ್ಲಿನ ಗುಣವಲ್ಲ, ಟೆಂಡರಿನ ಗುಣ. ಗಾರೆ ಇರಬೇಕಾದಲ್ಲಿ ಮರಳು, ಮರಳು ಇರಬೇಕಾದಲ್ಲಿ ಎರೆಮಣ್ಣು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಹೊಲ ಉಳುವವರಿಗೆ ತಿಳಿದಿರುವ ಈ ಸಂಗತಿ ಅಂದಾಜುಪಟ್ಟಿ ಬರೆಯುವವರಿಗೆ ತಿಳಿದಂತಿಲ್ಲ. 2014ರಲ್ಲಿ ಗುಲ್ಬರ್ಗಾ ಕಲಬುರಗಿಯಾಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಗಟಾರದ ಕಲ್ಲು ಮಾತ್ರ ತನ್ನ ನಿಲುವು ಬದಲಿಸದೆ ಅಲುಗಾಡುತ್ತಲೇ ಇದೆ.

ಹೀಗೆ ಗಟ್ಟಿ ನೆಲವನ್ನು ಅಲುಗಾಡಿಸಲು ಮನೆಯೊಳಗೆ ಸಾವಿರಾರು ರೂಪಾಯಿ, ಅಲುಗಾಡುವ ನೆಲವನ್ನು ಗಟ್ಟಿ ಮಾಡಲು ಹೊರಗೆ ತೆರಿಗೆ. ಮೊದಲನೆಯದಕ್ಕಾದರೂ ರಸೀದಿಯ ಜೊತೆ ಸಾಮಾನು ಬರುತ್ತದೆ.

ತರಬೇತುದಾರರಲ್ಲಿ ಒಂದು ಕ್ರಮವಿದೆ. ಮೊದಲು ಗಟ್ಟಿ ನೆಲದ ಮೇಲೆ ಎರಡು ಕಾಲು, ಆಮೇಲೆ ಒಂದು ಕಾಲು, ಆಮೇಲೆ ಕಣ್ಣು ಮುಚ್ಚಿ. ಅಲುಗಾಡುವ ಮೇಲ್ಮೈ ಕಡೆಗೆ. ದೇಹದ ಸಮತೋಲನ ಕಣ್ಣು, ಒಳಗಿವಿ, ಪಾದದ ಸ್ಪರ್ಶ ಈ ಮೂರನ್ನು ನಂಬಿಕೊಂಡಿರುವುದರಿಂದ ಒಂದೊಂದನ್ನೇ ಕಳೆದು ಕಲಿಸುತ್ತಾರೆ. ನಮ್ಮ ಬೀದಿಯಲ್ಲಿ ಅಷ್ಟು ತಾಳ್ಮೆಗೆ ಅವಕಾಶವಿಲ್ಲ. ದೀಪ ಉರಿಯದ ಕಂಬದ ಕೆಳಗೆ ಕಣ್ಣು ಮುಚ್ಚುವ ಅಗತ್ಯವೇ ಬೀಳುವುದಿಲ್ಲ. ಕಾಲಿನಡಿಯ ಕಲ್ಲು ತನ್ನ ಕೆಲಸ ಮಾಡುತ್ತದೆ. ಪಾದಚಾರಿ ಮಾರ್ಗದ ಮೇಲೇ ಬರುವ ಮೋಟಾರ್‌ಸೈಕಲ್‌ಗೆ ದಾರಿ ಬಿಡಲು ಜೋಳದ ಹಿಟ್ಟಿನ ಚೀಲ ಹಿಡಿದ ಎಪ್ಪತ್ತರ ಅಮ್ಮನವರು ಒಂಟಿ ಕಾಲಿನ ಮೇಲೆ ನಿಲ್ಲುತ್ತಾರೆ. ಭಾರ, ಕತ್ತಲು, ಅಸ್ಥಿರ ನೆಲ, ಎಲ್ಲವೂ ಒಂದೇ ಪಾಠದಲ್ಲಿ. ಬ್ರೆಜಿಲ್‌ನವರು ಇಲ್ಲಿಗೆ ಬಂದಿದ್ದರೆ ಕೈಗಡಿಯಾರ ಸಾಕಾಗುತ್ತಿತ್ತು.

ಬಿದ್ದವರಿಗೆ ಹುಷಾರಾಗಿ ನಡೆಯಬಾರದೇ ಎಂಬ ಬುದ್ಧಿಮಾತು ಉಚಿತ.

ನಮ್ಮ ಬೀದಿಯ ಪಠ್ಯಕ್ರಮದಲ್ಲಿ ಬಿಟ್ಟುಹೋಗಿರುವುದು ಮೊದಲನೇ ಪಾಠ, ಅಂದರೆ ಗಟ್ಟಿ ನೆಲ. ಬಡಾವಣೆಗೆ ಒಂದಾದರೂ ಅಲುಗಾಡದ ಪರಸಿ ಹಾಕಿಕೊಡಿ, ಹಿರಿಯರು ಅಲ್ಲಿ ಅಭ್ಯಾಸ ಮಾಡಿಕೊಂಡು ಮುಂದಿನ ಕಲ್ಲಿಗೆ ಹೋಗುತ್ತಾರೆ ಎಂದು ಸಂಬಂಧಪಟ್ಟವರನ್ನು ಕೇಳಿಕೊಂಡರೆ ಉತ್ತರ ಹೀಗಿದ್ದೀತು: ಅಲುಗಾಡದ ಕಲ್ಲಿಗೆ ದರಪಟ್ಟಿಯಲ್ಲಿ ಪ್ರತ್ಯೇಕ ದರವಿಲ್ಲ, ಮೇಲಿನವರ ಮಂಜೂರಾತಿ ಬೇಕು. ಉದ್ಘಾಟನೆಯನ್ನು ಬೇಕಾದರೆ ನಾಳೆಯೇ ಇಟ್ಟುಕೊಳ್ಳಬಹುದು. ಒಂದೇ ಷರತ್ತು, ಗಣ್ಯರ ವೇದಿಕೆಯನ್ನು ಆ ಗಟ್ಟಿ ಪರಸಿಯ ಮೇಲೆ ಹಾಕಬೇಕು.