ಎಂಟು ಕೋರ್ ಇದ್ದರೆ ಎಂಟು ಪಟ್ಟು ವೇಗವೇ?

ಎಂಟು ಕೋರ್ (ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕ) ಇರುವ ಲ್ಯಾಪ್‌ಟಾಪ್ ಎಂದರೆ ಎಂಟು ಪಟ್ಟು ವೇಗ ಎಂಬ ಸಂದೇಶ ಕೋಲಾರದ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಸುತ್ತುತ್ತಿರುತ್ತದೆ. ಅದು ಸರಿಯಲ್ಲ. ನಂಬುವುದು ಮಾತ್ರ ಸಹಜ, ಜಾಹೀರಾತುಗಳೂ ಕೋರ್ ಸಂಖ್ಯೆಯನ್ನೇ ದೊಡ್ಡದಾಗಿ ತೋರಿಸುತ್ತವೆ.

2005ರ ಆಸುಪಾಸಿನಲ್ಲಿ, ಚಿಪ್ ವಿಪರೀತ ಬಿಸಿಯಾಗುವ ಕಾರಣ, ಒಂದೊಂದು ಕೋರ್‌ನ ವೇಗ ಏರಿಸುವುದು ಕಷ್ಟವಾಯಿತು. ತಯಾರಕರು ಕೋರ್‌ಗಳನ್ನೇ ಹೆಚ್ಚಿಸಿದರು. ಆದರೆ ಕೆಲಸ ತಾನಾಗಿ ಹಂಚಿಹೋಗದು, ಪ್ರೋಗ್ರಾಂ ಬರೆಯುವವರೇ ಹಂಚಬೇಕು. ಮಂಡಿಯಲ್ಲಿ ಎಂಟು ಹಮಾಲರಿದ್ದರೂ ಹರಾಜು ಮುಗಿಯದೆ ಟೊಮೆಟೊ ಬಾಕ್ಸ್ ಲಾರಿ ಏರುವುದಿಲ್ಲ. ಹಿಂದಿನ ಉತ್ತರಕ್ಕೆ ಕಾಯಬೇಕಾದ ಲೆಕ್ಕವೂ ಅಷ್ಟೇ. ಅರ್ಧ ಕೆಲಸ ಹೀಗಿದ್ದರೆ, ಕೋರ್ ಎಷ್ಟೇ ಇರಲಿ, ವೇಗ ಎರಡು ಪಟ್ಟು ದಾಟದು. ಇದು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ಹೆಸರಿನ ನಿಯಮ, 1967ರದು.

ನೀವೇ ನೋಡಬಹುದು. ವಿಂಡೋಸ್‌ನಲ್ಲಿ ಕಂಪ್ಯೂಟರ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು, ನಿಮಗೆ ನಿಧಾನ ಅನ್ನಿಸುವ ಪ್ರೋಗ್ರಾಂ ಓಡಿಸಿ. ಕಾಯುತ್ತಿರುವಾಗಲೂ ಸಿಪಿಯು (ಕೋರ್‌ಗಳಿರುವ ಚಿಪ್) ಬಳಕೆ ಕಡಿಮೆಯೇ ಇದ್ದರೆ, ಹೆಚ್ಚಿನ ಕೋರ್‌ಗೆ ದುಡ್ಡು ಸುರಿಯುವ ಮುನ್ನ ಯೋಚಿಸಿ.