ಕಿವಿಯೊಂದನ್ನು ಬಿಟ್ಟು

ಮನೆಗೆ ಒಳ್ಳೆ ಸ್ಪೀಕರ್ ಕೊಳ್ಳಲು ಹೊರಟವರು ಏನೇನು ತಯಾರಿ ಮಾಡಿಕೊಳ್ಳುತ್ತಾರೆ ನೋಡಿ. ಇಎಂಐ ಲೆಕ್ಕ, ಯೂಟ್ಯೂಬ್‌ನಲ್ಲಿ ಕಲಿತ ನಾಲ್ಕು ಇಂಗ್ಲಿಷ್ ಪದ, ಸೋಫಾ ಬಟ್ಟೆಯ ಬಣ್ಣ ಹೊಂದುತ್ತಾ ಅಂತ ನೋಡಲು ಒಂದು ಫೋಟೊ. ಕಿವಿಯೂ ಜೊತೆಗೇ ಬಂದಿರುತ್ತದೆ, ಮನೆಯಲ್ಲಿ ಬಿಟ್ಟು ಬರಲು ಆಗಲ್ಲವಲ್ಲ. ಆದರೆ ಅದರ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳುವುದಿಲ್ಲ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ನಿಂದಲೇ ಶುರು ಮಾಡೋಣ. ಡಬ್ಬದ ಮೇಲೆ ಬೆಂಕಿ ಉಗುಳುವ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ '10,000 ವ್ಯಾಟ್ ಪಿಎಂಪಿಒ', ಅಂದರೆ ಕ್ಷಣಮಾತ್ರ ಮುಟ್ಟಬಹುದಾದ ಗರಿಷ್ಠ ಶಕ್ತಿಯಂತೆ. ಒಳಗಿನ ಅಡಾಪ್ಟರ್ ತೆಗೆದು ನೋಡಿದರೆ 12 ವೋಲ್ಟ್, 2 ಆಂಪಿಯರ್. ಗುಣಿಸಿ, 24 ವ್ಯಾಟ್. ಒಳಗೆ ಹೋಗುವುದು 24, ಆಚೆ ಬರುವುದು 10,000! ಇಂಥ ಪವಾಡ ನಗರತ್‌ಪೇಟೆ ಪಕ್ಕದಲ್ಲೇ ಇರುವಾಗ ಸರ್ಕಾರ ಸುಮ್ನೆ ಶರಾವತಿ ಕಣಿವೆಗೆ ಹೋಗಿ ನೀರು ಮೇಲಕ್ಕೆ ಪಂಪ್ ಮಾಡಿ ಕರೆಂಟ್ ತೆಗೀತೀನಿ ಅನ್ನುತ್ತಿದೆ. ಪಿಎಂಪಿಒ ಅಳೆಯಲು ಎಲ್ಲರೂ ಒಪ್ಪಿದ ಒಂದು ಕ್ರಮವೇ ಇಲ್ಲ. ಡಬ್ಬದಲ್ಲಿ ಜಾಗ ಇದ್ದಷ್ಟು ಸೊನ್ನೆ. ಅಸಲಿಗೆ ಹಾಲ್‌ನಲ್ಲಿ ಕೂತು ಕೇಳಲು ಬೇಕಾಗುವುದು ಕೆಲವೇ ವ್ಯಾಟ್. ಸೆನ್ಸಿಟಿವಿಟಿ 87 ಡೆಸಿಬಲ್ ಅಂತ ಬರೆದಿದ್ದರೆ, ಒಂದೇ ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ ಎಂದರ್ಥ, ಅದೇನು ಕಮ್ಮಿ ಸದ್ದಲ್ಲ. ವ್ಯಾಟ್ ದುಪ್ಪಟ್ಟು ಮಾಡಿದರೆ ಏರುವುದು ಬರೀ 3 ಡೆಸಿಬಲ್.

ಇದು ಬಡವರ ಮೂಢನಂಬಿಕೆ ಅಂತ ನಗಬೇಡಿ. ಶ್ರೀಮಂತರದ್ದು ಇನ್ನೂ ಚೆನ್ನಾಗಿದೆ.

ಅವರ ಶೋರೂಮಿಗೆ ಹೋಗಲು ಅಪಾಯಿಂಟ್‌ಮೆಂಟ್ ಬೇಕು. ಎಸಿ ರೂಮು, ಮೆತ್ತನೆ ಸೋಫಾ, ಫಿಲ್ಟರ್ ಕಾಫಿ, ಮತ್ತು ಜಗತ್ತಿನ ಎಲ್ಲ ಡೆಮೊ ರೂಮಿನಲ್ಲೂ ಹಾಕುವ ಅದೇ ಇಂಗ್ಲಿಷ್ ಗಿಟಾರ್ ಹಾಡು. 'ಸಾರ್, ಸೌಂಡ್‌ಸ್ಟೇಜ್ ನೋಡಿ' ಅನ್ನುತ್ತಾನೆ ಹುಡುಗ, ಯಾವ ವಾದ್ಯ ಎಲ್ಲಿ ಕೂತಿದೆ ಅಂತ ಕಿವಿಗೆ ಅನ್ನಿಸುವುದಕ್ಕೆ ಆ ಹೆಸರು. ನಾವು ನೋಡುತ್ತೇವೆ. ದುಬಾರಿ ಜೋಡಿಗೆ ಬದಲಾಯಿಸುವಾಗ ವಾಲ್ಯೂಮ್ ಒಂದು ಕೂದಲೆಳೆಯಷ್ಟು ಜಾಸ್ತಿ ಇಟ್ಟರೆ ಸಾಕು, ಅದೇ ಚೆನ್ನಾಗಿದೆ ಅನ್ನಿಸುತ್ತದೆ. ನಮ್ಮ ಕಿವಿಯ ಗುಣವೇ ಅದು. ದಿನಾ ಕೇಳುವ ಭೀಮಸೇನ ಜೋಶಿಯವರ ಧ್ವನಿ, ತಂಬೂರಿ ಶ್ರುತಿ, ಮೃದಂಗದ ಎಡದ ಗುಮ್ಕಿ ಹಾಕಿ ಅಂತ ಕೇಳುವ ಗಿರಾಕಿಯನ್ನು ಅವನು ಸಾಲ ಕೇಳಲು ಬಂದವನ ಹಾಗೆ ನೋಡುತ್ತಾನೆ.

ಆಮೇಲೆ ಹೆಚ್ಚು ಸ್ಪಷ್ಟ ಧ್ವನಿ ಅಂತ ಸಾರುವ ಚಿನ್ನದ ಬಣ್ಣದ 'ಹೈ-ರೆಸ್' ಚೀಟಿ. ಅದು ಅಂಟಿರಬೇಕಾದರೆ ಸ್ಪೀಕರ್‌ನ ಸ್ವರ ಸೆಕೆಂಡಿಗೆ 40,000 ಕಂಪನ, ಅಂದರೆ 40,000 ಹರ್ಟ್ಸ್‌ವರೆಗೆ ಹೋಗಬೇಕಂತೆ. ಮನುಷ್ಯನ ಕಿವಿ ನಿಲ್ಲುವುದು ಹೆಚ್ಚೆಂದರೆ 20,000ಕ್ಕೆ, ಅದೂ ಎಳೆ ವಯಸ್ಸಿನಲ್ಲಿ. ಮನೆ ಸಾಲ ತೀರಿಸಿ, ಮಕ್ಕಳನ್ನು ಅಮೆರಿಕಕ್ಕೆ ಕಳಿಸಿ, ಕೈಯಲ್ಲಿ ಐದು ಲಕ್ಷ ಆಡುವ ಹೊತ್ತಿಗೆ ಮೇಲಿನ ಸ್ವರಗಳು ಒಂದೊಂದಾಗಿ ರಾಜೀನಾಮೆ ಕೊಟ್ಟು ಹೋಗಿರುತ್ತವೆ. ಮಿಕ್ಕ 20,000ವನ್ನು ಪೂರ್ತಿ ಅನುಭವಿಸುವುದು ಗೇಟಿನಾಚೆ ಮಲಗಿರುವ ಬೀದಿನಾಯಿ. ದುಡ್ಡು ನಮ್ಮದು, ಸಂಗೀತ ಕಚೇರಿ ಅದಕ್ಕೆ.

ಕಣ್ಣು ಕಿವಿಗೆ ಹೇಗೆ ಟೋಪಿ ಹಾಕುತ್ತದೆ ಅಂತ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಷಾನ್ ಓಲಿವ್ 1994ರಲ್ಲೇ ತೋರಿಸಿದ್ದಾರೆ. ಸ್ಪೀಕರ್ ಕಣ್ಣಿಗೆ ಕಾಣುತ್ತಿದ್ದಾಗ ದೊಡ್ಡ, ಅಂದದ ಪೆಟ್ಟಿಗೆಗಳಿಗೆ ಅಂಕ ಜಾಸ್ತಿ. ಅಡ್ಡ ಪರದೆ ಎಳೆದ ಮೇಲೆ ಅಂತರ ಕುಗ್ಗಿಹೋಯಿತು. ಕೇಳಿದವರು ಸ್ಪೀಕರ್ ಕಂಪನಿಯ ನೌಕರರೇ! ನಮ್ಮಲ್ಲಿ ಪರದೆ ಎಳೆಯುವುದು ಹೆಣ್ಣು-ಗಂಡಿನ ಮಧ್ಯೆ, ಧಾರೆಗೆ ಮುಂಚೆ. ಸ್ಪೀಕರ್ ವಿಷಯದಲ್ಲಿ ಅಷ್ಟು ಅನುಮಾನ ಯಾಕೆ ಅಂತ ಬಿಟ್ಟಿದ್ದೇವೆ.

ಕೇಬಲ್ ಕತೆ ಹೇಳದಿದ್ದರೆ ಪಾಪ ಬರುತ್ತದೆ. 2007ರಲ್ಲಿ 7,250 ಡಾಲರ್‌ನ ಸ್ಪೀಕರ್ ಕೇಬಲ್ ಒಂದನ್ನು ಹೊಗಳಿದ್ದೇ ಹೊಗಳಿದ್ದು. ಪವಾಡಗಳ ಬಣ್ಣ ಬಯಲು ಮಾಡುತ್ತಿದ್ದ ಜಾದೂಗಾರ ಜೇಮ್ಸ್ ರ್‍ಯಾಂಡಿ, 'ಮಾಮೂಲಿ ಕೇಬಲ್‌ಗೂ ಇದಕ್ಕೂ ಇರುವ ವ್ಯತ್ಯಾಸ ಕಿವಿಯಿಂದಲೇ ಗುರುತಿಸಿದರೆ ಹತ್ತು ಲಕ್ಷ ಡಾಲರ್ ಕೊಡ್ತೀನಿ' ಅಂದರು. ಆ ದುಡ್ಡು ಯಾರಿಗೂ ಸಿಗಲಿಲ್ಲ. ಇಲ್ಲಿ ಅದಕ್ಕಿಂತ ಮಜವಾದದ್ದು ಪವರ್ ಕೇಬಲ್. ಕರೆಂಟು ಶರಾವತಿಯಿಂದ ನೂರಾರು ಕಿಲೋಮೀಟರ್ ಅಲ್ಯೂಮಿನಿಯಂ ತಂತಿಯಲ್ಲಿ ಬಂದು, ಕಾಗೆ ಕೂತ ಕಂಬ ದಾಟಿ, ಲೈನ್‌ಮ್ಯಾನ್ ಸುತ್ತಿದ ಫ್ಯೂಸ್ ದಾಟಿ ಮನೆಯೊಳಗೆ ಬರುತ್ತದೆ. ಅಲ್ಲಿಂದ ಆಂಪ್ಲಿಫೈಯರ್‌ವರೆಗಿನ ಒಂದೂವರೆ ಮೀಟರ್‌ಗೆ ಮಾತ್ರ ಬೆಳ್ಳಿ ತಂತಿ ಬೇಕು, ಇಲ್ಲದಿದ್ದರೆ ವೀಣೆ ಮಬ್ಬಾಗಿ ಕೇಳುತ್ತದಂತೆ.

ಇಷ್ಟೆಲ್ಲ ಖರ್ಚು ಮಾಡಿ ತಂದದ್ದನ್ನು ಇಡುವುದೆಲ್ಲಿ? ಎಲೆಕ್ಟ್ರಾನಿಕ್ ಸಾಮಾನು ಆಗ್ನೇಯಕ್ಕಿರಲಿ ಅಂದರು ವಾಸ್ತು ಪಂಡಿತರು. ಒಂದು ಅಲ್ಲಿ ಮೂಲೆಗೆ ಹೋಯಿತು, ಮೂಲೆಯಲ್ಲಿಟ್ಟರೆ ಬೇಸ್ ಊದಿಕೊಂಡು ಗುಂಯ್‌ಗುಡುತ್ತದೆ. ಇನ್ನೊಂದು ಸೋಫಾ ಹಿಂದೆ, ಅದರ ಮೇಲೆ ಕಸೂತಿ ಬಟ್ಟೆ, ಮನಿ ಪ್ಲಾಂಟ್. ಕೆಳಗೆ ಟೈಲ್ಸು, ಎದುರಿಗೆ ಗಾಜು, ಚಪ್ಪಾಳೆ ತಟ್ಟಿದರೆ ಕಲ್ಯಾಣ ಮಂಟಪದ ಹಾಗೆ ಮೊಳಗುತ್ತದೆ. ಒಂದು ಜಮಖಾನ, ದಪ್ಪ ಪರದೆ, ಪುಸ್ತಕದ ಕಪಾಟು ಇದ್ದರೆ ಬೆಳ್ಳಿ ತಂತಿಗಿಂತ ಎಷ್ಟೋ ಪಾಲು ಜಾಸ್ತಿ ಕೆಲಸ ಮಾಡುತ್ತಿತ್ತು. ಆದರೆ ಜಮಖಾನಕ್ಕೆ ವಿಮರ್ಶೆ ಬರೆಯುವವರಿಲ್ಲ.

ಕೊನೆಗೆ ಭಾನುವಾರ ಸಂಜೆ ಬಾಗಿಲು ಹಾಕಿಕೊಂಡು ಕೂರುತ್ತೇವೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಈ ಲೆಕ್ಕ ಪಕ್ಕದ ಬೋರ್‌ವೆಲ್ ಲಾರಿಗೆ ಯಾರೂ ಹೇಳಿಲ್ಲ. ಆಲಾಪ ಶುರುವಾಗುವ ಹೊತ್ತಿಗೆ ನವೆಂಬರ್ 1ಕ್ಕೆ ಮುಗಿಯದ ರಾಜ್ಯೋತ್ಸವದ ಆರ್ಕೆಸ್ಟ್ರಾ ಮೂರನೇ ಕ್ರಾಸ್‌ನಲ್ಲಿ 'ಹಲೋ, ಮೈಕ್ ಟೆಸ್ಟಿಂಗ್' ಅನ್ನುತ್ತದೆ. ಕಿಟಕಿ ಗಾಜು ನಡುಗುತ್ತದೆ. ಐದು ಲಕ್ಷದ ಪೆಟ್ಟಿಗೆಯಿಂದ ಬರದ ಬೇಸು ಅದು, ಒಪ್ಪಿಕೊಳ್ಳಲೇಬೇಕು. ಅಷ್ಟರಲ್ಲಿ ಬೆಲ್ ಆಗುತ್ತದೆ. ಬಾಗಿಲಲ್ಲಿ ಸಂಘದ ಹುಡುಗರು, ಕೈಯಲ್ಲಿ ರಸೀದಿ ಪುಸ್ತಕ: 'ಅಣ್ಣಾ, ಈ ಸಲ ಸೌಂಡ್ ಸಿಸ್ಟಮ್ ಗ್ರ್ಯಾಂಡಾಗಿ ಮಾಡಿಸಿದ್ದೀವಿ, ನಿಮ್ಮ ಕಡೆಯಿಂದ ಒಂದು ಎರಡು ಸಾವಿರ?'