ಹೊಸ್ತಿಲಲ್ಲಿ ಪೊಲೀಸರು, ಕೈಯಲ್ಲಿ ವಾರಂಟ್ ಇಲ್ಲ: ತಡೆದು ಕೇಳಬೇಕೇ, ಒಳಗೆ ಬಿಟ್ಟು ಬರೆಸಬೇಕೇ?

ಬಿಜೈಯ ಫ್ಲ್ಯಾಟಾಗಲಿ, ಮಣಿಪಾಲದ ಬಾಡಿಗೆ ಕೋಣೆಯಾಗಲಿ, ಬೆಳ್ತಂಗಡಿ ಕಡೆಯ ತೋಟದ ಮನೆಯಾಗಲಿ, ಪೊಲೀಸರು ವಾರಂಟ್ ಇಲ್ಲದೆ ಬಂದು ಬಾಗಿಲು ತಟ್ಟಿದರೆ ಮನೆಯವರು ಏನು ಮಾಡಬೇಕು? 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ವಾರಂಟಿಲ್ಲದ ಶೋಧದ ಹಳೆಯ 165ನೇ ಕಲಂ ಈಗ 185, ಶೋಧದ ವಿಧಾನದ ಹಳೆಯ 100 ಈಗ 103, ಬಂಧಿಸಬೇಕಾದವರನ್ನು ಹುಡುಕುವ ಹಳೆಯ 47 ಈಗ 44. ಈ ಕಲಂಗಳು ಹೇಳುವುದೇನು ಎಂಬುದರಲ್ಲಿ ಕೆಳಗೆ ಪರ, ವಿರೋಧ ಬರೆದ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಅವನ್ನು ಎಲ್ಲಿ ನಿಂತು ಕೇಳಬೇಕು ಎಂಬುದರಲ್ಲಿದೆ.

ಪರ: ಉತ್ತರ ಸಿಕ್ಕಿದ ಮೇಲೆಯೇ ಬಾಗಿಲು

ವಾರಂಟ್ ಇಲ್ಲದೆ ಪೊಲೀಸರು ಮನೆಯೊಳಗೆ ಕಾಲಿಡುವಂತೆಯೇ ಇಲ್ಲ ಎಂದು ನಂಬಿದವರು ನಮ್ಮಲ್ಲಿ ಬಹಳ. ಅದು ನಿಜವಲ್ಲ. ಕಲಂ 185 ಅವರಿಗೆ ಆ ಅಧಿಕಾರ ಕೊಟ್ಟಿದೆ, ಆದರೆ ಬಿಗಿಯಾಗಿ ಕಟ್ಟಿ ಕೊಟ್ಟಿದೆ. ಶೋಧಿಸುವವರು ಠಾಣಾಧಿಕಾರಿ ಅಥವಾ ತನಿಖಾಧಿಕಾರಿ ಆಗಿರಬೇಕು. ಒಂದು ಅಪರಾಧದ ತನಿಖೆ ನಡೆಯುತ್ತಿರಬೇಕು. ಆ ತನಿಖೆಗೆ ಬೇಕಾದ ವಸ್ತು ಇದೇ ಮನೆಯಲ್ಲಿ ಸಿಗುತ್ತದೆಂದು ನಂಬಲು ಕಾರಣವಿರಬೇಕು, ಬೇರೆ ದಾರಿ ಹಿಡಿದರೆ ವಿಪರೀತ ತಡವಾಗುವಂತಿರಬೇಕು. ಆ ಕಾರಣವನ್ನೂ ಹುಡುಕುವ ವಸ್ತುವನ್ನೂ ಕೇಸ್ ಡೈರಿಯಲ್ಲಿ, ಅಂದರೆ ತನಿಖೆಯ ದಿನಚರಿಯಲ್ಲಿ, ಬರೆದಿಟ್ಟೇ ಹೊರಡಬೇಕು. ತಾನೇ ಬರಲಾಗದಿದ್ದರೆ ಯಾವ ಜಾಗ, ಯಾವ ವಸ್ತು ಎಂದು ಬರೆದ ಆದೇಶವನ್ನು ಕೈಕೆಳಗಿನವರಿಗೆ ಕೊಡಬೇಕು. ಬೀಟ್ ಕಾನ್‌ಸ್ಟೇಬಲ್ ಒಬ್ಬರೇ ಬಂದು “ಸಾಹೇಬರು ಹೇಳಿದ್ದಾರೆ, ಮನೆ ಒಮ್ಮೆ ನೋಡಬೇಕು” ಎಂದರೆ ಅದು ಈ ಕಲಂನ ಶೋಧವಲ್ಲ.

ಕರಾವಳಿಯ ಠಾಣೆಗಳಿಗೆ ಬರುವ ಜಗಳಗಳಲ್ಲಿ ಜಾಗದ ತಕರಾರು, ಬಾಡಿಗೆ, ಸಾಲ, ಕುಟುಂಬದ ಪಾಲು ಇಂಥವೂ ಇರುತ್ತವೆ. ಯಾರೋ ಒಂದು ಅರ್ಜಿ ಕೊಟ್ಟಿರುತ್ತಾರೆ, ಎಫ್‌ಐಆರ್ ಆಗಿರುವುದಿಲ್ಲ, “ಅರ್ಜಿ ವಿಚಾರಣೆ” ನಡೆಯುತ್ತಿರುತ್ತದೆ. ಅರ್ಜಿ ವಿಚಾರಣೆಗೆ ಮನೆ ಶೋಧಿಸುವ ಅಧಿಕಾರ ಅಂಟಿಕೊಂಡು ಬರುವುದಿಲ್ಲ. ಅಸಂಜ್ಞೇಯ (ವಾರಂಟಿಲ್ಲದೆ ಬಂಧಿಸಲಾಗದ) ಅಪರಾಧವಾದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆಯೇ ಶುರುವಾಗುವಂತಿಲ್ಲ. ಹಾಗಾಗಿ ಬಾಗಿಲಲ್ಲಿ ಕೇಳಬೇಕಾದ ಮೊದಲ ಮಾತು “ಕ್ರೈಂ ನಂಬರ್ ಎಷ್ಟು?” ಎಂಬುದು. ಠಾಣೆಯ ಹೆಸರು, ಅಪರಾಧ ಸಂಖ್ಯೆ, ವರ್ಷ ಈ ಮೂರು ಸಿಕ್ಕರೆ ತನಿಖೆ ಇದೆ ಎಂದರ್ಥ. “ಅದೆಲ್ಲ ಆಮೇಲೆ” ಎಂದರೆ ಬಹುಪಾಲು ಅರ್ಜಿಯ ವಿಚಾರವೇ.

ಎರಡನೆಯ ಪ್ರಶ್ನೆ: ವಸ್ತುವನ್ನು ಹುಡುಕುತ್ತಿದ್ದೀರೋ, ಮನುಷ್ಯನನ್ನೋ? ಬಂಧಿಸಬೇಕಾದ ವ್ಯಕ್ತಿ ಒಳಗಿದ್ದಾನೆಂದು ನಂಬಲು ಕಾರಣವಿದ್ದರೆ ಕಲಂ 44ರಡಿ ಒಳಬರಬಹುದು. ತಾವು ಯಾರು, ಬಂದದ್ದು ಯಾಕೆ ಎಂದು ಹೇಳಿ ಬಾಗಿಲು ತೆರೆಯಲು ಕೇಳಿ, ಆಗಲೂ ತೆರೆಯದಿದ್ದರೆ ಒಡೆಯಲೂಬಹುದು. ಆದರೆ ಮನುಷ್ಯನನ್ನು ಹುಡುಕಲು ಬಂದವರು ಮಂಚದಡಿ, ಅಟ್ಟ, ಬಚ್ಚಲುಮನೆ ನೋಡಬಹುದು. ಗೋದ್ರೇಜ್ ಕಪಾಟಿನ ಲಾಕರಿನಲ್ಲಿ ಮನುಷ್ಯ ಅಡಗುವುದಿಲ್ಲ. ಪಾಸ್‌ಬುಕ್ಕು, ಜಾಗದ ಪತ್ರ, ಮೊಬೈಲು ಎತ್ತಲು ಬೇರೆ ಅಧಿಕಾರ ತೋರಿಸಬೇಕು. ಈ ಎರಡನ್ನು ಬೇರೆ ಮಾಡಿ ಕೇಳದಿದ್ದರೆ “ನಿಮ್ಮ ಮಗ ಇದ್ದಾನಾ” ಎಂದು ಶುರುವಾದದ್ದು ಇಡೀ ಮನೆಯ ಜಾಲಾಟವಾಗಿ ಮುಗಿಯುತ್ತದೆ.

ಬಾಗಿಲಲ್ಲೇ ಯಾಕೆ ಕೇಳಬೇಕು? ಒಳಗೆ ಬಂದು ಹೋದ ಮೇಲೆ ಕೇಳಿದರೆ ಸಿಗುವುದು ಕಡಿಮೆ, ಅದಕ್ಕೆ. ರಾಧಾಕಿಶನ್ ಪ್ರಕರಣದಲ್ಲಿ ಹಿಂದೆಯೇ ಸುಪ್ರೀಂ ಕೋರ್ಟ್, ಶೋಧ ಕಾನೂನುಬಾಹಿರವಾದರೂ ಜಪ್ತಿ ಅದರಿಂದ ಕೆಡುವುದಿಲ್ಲ ಎಂದಿತು. 1973ರ ಪೂರಣ್‌ಮಲ್ ತೀರ್ಪೂ ಅದೇ ದಾರಿ ಹಿಡಿಯಿತು. ಶೋಧ ತಪ್ಪಾಗಿ ನಡೆದದ್ದಕ್ಕೆ ಸಾಕ್ಷ್ಯವನ್ನು ಹೊರಗೆಸೆಯುವ ಪದ್ಧತಿ ನಮ್ಮಲ್ಲಿಲ್ಲ. ಅಧಿಕಾರಿಯ ಮೇಲೆ ಮೊಕದ್ದಮೆ ಹೂಡೋಣವೆಂದರೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಪ್ರಕಾರ ಮೊದಲು ಸರ್ಕಾರದ ಅನುಮತಿ ಬೇಕು. ಕರ್ತವ್ಯಕ್ಕೆ ಸಂಬಂಧವಿದ್ದು ಮಿತಿ ಮೀರಿದ ಕೃತ್ಯಕ್ಕೂ ಆ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ದೇವರಾಜ ಪ್ರಕರಣದಲ್ಲಿ ಹೇಳಿದೆ. ಆದರೆ ಅದೇ ರಾಧಾಕಿಶನ್ ತೀರ್ಪಿನಲ್ಲಿ ಇನ್ನೊಂದು ಮಾತಿದೆ: ಶೋಧದ ನಿಯಮ ಮುರಿದಾಗ ಆ ಮನೆಯವರು ಶೋಧವನ್ನು ವಿರೋಧಿಸಬಹುದೇನೋ ಎಂದು. ನಿಯಮಕ್ಕೆ ಜೀವ ಇರುವುದು ಹೊಸ್ತಿಲು ದಾಟುವ ಮೊದಲು ಎಂದು ನಾನು ಅದನ್ನು ಓದುತ್ತೇನೆ.

ಇನ್ನು ರಾತ್ರಿಯ ಭೇಟಿ. ರೌಡಿ ಪಟ್ಟಿಯಲ್ಲಿ ಹೆಸರಿದೆ, ಮನೆಯಲ್ಲಿದ್ದಾನೋ ನೋಡಬೇಕು ಎಂದು ನಡುರಾತ್ರಿ ಬಾಗಿಲು ಬಡಿಯುವುದಕ್ಕೆ ಖರಕ್ ಸಿಂಗ್ ಪ್ರಕರಣದಲ್ಲಿ 1962ರಲ್ಲೇ ತಡೆ ಬಿದ್ದಿದೆ; ಉತ್ತರ ಪ್ರದೇಶದ ಪೊಲೀಸ್ ನಿಯಮಾವಳಿಯ ರಾತ್ರಿ ಮನೆಭೇಟಿಯ ಅಂಶ ಅಂದು ರದ್ದಾಯಿತು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕಣ್ಗಾವಲಿನ ನೆಪದಲ್ಲಿ ಅಪರಾತ್ರಿ ಬಾಗಿಲು ತಟ್ಟುವಂತಿಲ್ಲ ಎಂದು 2025ರಲ್ಲಿ ಕೇರಳ ಹೈಕೋರ್ಟೂ ಹೇಳಿತು. ಮನೆಯಲ್ಲಿರುವ ವಯಸ್ಸಾದ ತಾಯಿಗೆ, ಮಕ್ಕಳಿಗೆ ಆ ಬಡಿತ ಏನು ಮಾಡುತ್ತದೆ ಎಂಬುದನ್ನು ಯಾವ ಡೈರಿಯೂ ಬರೆದಿಡುವುದಿಲ್ಲ.

ಬಂದವರು ಪೊಲೀಸರೇ ಎಂಬ ಖಾತ್ರಿಯೂ ಬೇಕಲ್ಲ. 2025ರ ಜನವರಿಯಲ್ಲಿ ವಿಟ್ಲ ಸಮೀಪದ ಬೋಳಂತೂರಿನ ಮನೆಯೊಂದಕ್ಕೆ ಜಾರಿ ನಿರ್ದೇಶನಾಲಯದವರೆಂದು ಹೇಳಿಕೊಂಡು ಬಂದ ತಂಡ ಲಕ್ಷಗಟ್ಟಲೆ ಹಣ ಹೊತ್ತು ಹೋಯಿತು. ಮನೆಯವರು ಗುರುತುಚೀಟಿ ಕೇಳಿ, ಸರಪಳಿ ಹಾಕಿದ ಬಾಗಿಲ ಸಂದಿಯಿಂದಲೇ ಓದಿ, ತುರ್ತು ಸಂಖ್ಯೆ 112ಕ್ಕೆ ಕರೆಮಾಡಿ “ಇಂಥ ಠಾಣೆಯವರೆಂದು ಹೇಳುತ್ತಿದ್ದಾರೆ, ಹೌದೇ” ಎಂದು ಕೇಳಿದರೆ ನಿಜವಾದ ಅಧಿಕಾರಿಗೆ ಕಳೆದುಹೋಗುವುದು ಐದು ನಿಮಿಷ. ಕೇರಳಕ್ಕೆ ತಾಗಿದ ತಲಪಾಡಿ ಗಡಿಯಲ್ಲಿ ಇದು ಇನ್ನೂ ಮುಖ್ಯ. ಬೇರೆ ಠಾಣೆಯವರು ಇಲ್ಲಿ ಶೋಧಿಸಬೇಕಾದರೆ ಕಲಂ 186ರಂತೆ ಸ್ಥಳೀಯ ಠಾಣೆಯ ಮೂಲಕ ಮಾಡಿಸಬೇಕು. ತಡವಾಗಿ ಸಾಕ್ಷ್ಯ ನಾಶವಾಗುತ್ತದೆಂದಾದರೆ ಮಾತ್ರ ತಾವೇ ಮಾಡಿ, ಕೂಡಲೇ ಸ್ಥಳೀಯ ಠಾಣೆಗೆ ತಿಳಿಸಬೇಕು. ಕಾಸರಗೋಡಿನಿಂದ ಬಂದವರ ಜೊತೆ ಉಳ್ಳಾಲ ಠಾಣೆಯವರು ಇಲ್ಲದಿದ್ದರೆ ಯಾಕೆಂದು ಕೇಳುವುದು ಉದ್ಧಟತನವಲ್ಲ.

ಕೇಳುವುದು ಅಡ್ಡಿಪಡಿಸುವುದಲ್ಲ. ಕೈ ಮುಂದೆ ಮಾಡಬಾರದು, ಬಾಗಿಲು ದಬ್ಬಬಾರದು. “ನಾನು ಒಪ್ಪಿಗೆ ಕೊಡುತ್ತಿಲ್ಲ, ನಿಮಗೆ ಅಧಿಕಾರವಿದ್ದರೆ ಅದನ್ನು ಹೇಳಿ ಬನ್ನಿ” ಎಂದು ಸ್ಪಷ್ಟವಾಗಿ ಹೇಳಬೇಕು, ಅದು ಫೋನಿನಲ್ಲಿ ದಾಖಲಾಗಬೇಕು. “ಬನ್ನಿ, ಕೂತ್ಕೊಳ್ಳಿ” ಎಂಬ ನಮ್ಮ ಉಪಚಾರದ ಮಾತು ನಾಳೆ ಕಾಗದದ ಮೇಲೆ “ಮನೆಯವರ ಒಪ್ಪಿಗೆ ಮೇರೆಗೆ” ಎಂದಾಗಿಬಿಡುತ್ತದೆ. ಮಣಿಪಾಲ, ದೇರಳಕಟ್ಟೆಯ ಬಾಡಿಗೆದಾರ ವಿದ್ಯಾರ್ಥಿಗಳೂ ಇದನ್ನು ತಿಳಿದಿರಬೇಕು. ಮಾಲೀಕರೋ ವಾರ್ಡನ್ನೋ ಕೀಲಿ ಕೊಟ್ಟರೆಂದು ನಿಮ್ಮ ಒಪ್ಪಿಗೆ ಸಿಕ್ಕಿದಂತಾಗಬಾರದು. 1906ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ ಕೆನರಾ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಖಾಸಗಿತನ ಜಾಗಕ್ಕಲ್ಲ, ಮನುಷ್ಯರಿಗೆ ಸೇರಿದ್ದು ಎಂದಿದೆ.

ವಿರೋಧ: ವಾದ ಬಾಗಿಲಲ್ಲಿ ಬೇಡ, ಮಹಜರಿನಲ್ಲಿ ಇರಲಿ

ಹೆಸರು, ಠಾಣೆ, ಕ್ರೈಂ ನಂಬರ್ ಕೇಳಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಉತ್ತರ ಸಮಾಧಾನವಾಗದಿದ್ದರೆ ಬಾಗಿಲು ತೆರೆಯಬೇಡಿ ಎಂಬ ಸಲಹೆ ಮಾತ್ರ ಅಪಾಯದ್ದು.

ಶೋಧಕ್ಕೆ ಕಾರಣ ಬರೆದಿರುವುದು ಕೇಸ್ ಡೈರಿಯಲ್ಲಿ. ಡೈರಿಯನ್ನು ಮನೆಯವರಿಗೆ ತೋರಿಸಬೇಕೆಂದು ಕಾನೂನಿಲ್ಲ. ಆರೋಪಿಗೂ ಅದನ್ನು ಕೇಳಿ ಪಡೆಯುವ ಹಕ್ಕಿಲ್ಲ. ಅಂದಮೇಲೆ ಕಾರಣ ಸರಿಯಿದೆಯೋ ಇಲ್ಲವೋ ಎಂದು ಮನೆಯವರು ಹೊಸ್ತಿಲಲ್ಲಿ ನಿಂತು ತೀರ್ಮಾನಿಸುವುದು ಹೇಗೆ? ಕಾನೂನು ಆ ಪರೀಕ್ಷೆಯನ್ನು ಮ್ಯಾಜಿಸ್ಟ್ರೇಟರಿಗೆ ವಹಿಸಿದೆ. ರಾಧಾಕಿಶನ್ ತೀರ್ಪಿನಲ್ಲಿ “ವಿರೋಧಿಸಬಹುದೇನೋ” ಎಂದಿರುವುದು ನಿಜ. ಆದರೆ ಆ “ಏನೋ” ನಂಬಿ ಬಾಗಿಲಿಗೆ ಅಡ್ಡ ನಿಂತವರ ಎದುರು, ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ಇದೆ: ಸರ್ಕಾರಿ ನೌಕರ ತನ್ನ ಹುದ್ದೆಯ ಹೆಸರಿನಲ್ಲಿ ಸದುದ್ದೇಶದಿಂದ ಮಾಡಿದ ಕೆಲಸ ಕಾನೂನಿಗೆ ಪೂರ್ತಿ ಹೊಂದದಿದ್ದರೂ, ಪ್ರಾಣಭಯ ಅಥವಾ ತೀವ್ರ ಗಾಯದ ಭಯ ಇಲ್ಲದ ಹೊರತು ಅದರ ವಿರುದ್ಧ ಆತ್ಮರಕ್ಷಣೆಯ ಹಕ್ಕಿಲ್ಲ. ಬಾಗಿಲು ದೂಡಾಟದಲ್ಲಿ ಒಬ್ಬ ಕಾನ್‌ಸ್ಟೇಬಲ್‌ನ ಬೆರಳು ಸಿಕ್ಕಿಕೊಂಡರೆ ಅದೇ ಸಂಹಿತೆಯ ಕಲಂ 132, ಸರ್ಕಾರಿ ನೌಕರನ ಮೇಲಿನ ಬಲಪ್ರಯೋಗದ್ದು, ಬೀಳುತ್ತದೆ. ಎರಡು ವರ್ಷದವರೆಗೆ ಶಿಕ್ಷೆ, ಜಾಮೀನುರಹಿತ. ಯಾವುದೋ ಪ್ರಕರಣದಲ್ಲಿ ಸಾಕ್ಷಿಯಷ್ಟೇ ಆಗಿದ್ದವರು ತಮ್ಮದೇ ಹೊಸ ಪ್ರಕರಣದಲ್ಲಿ ಆರೋಪಿಯಾಗುತ್ತಾರೆ. ಗಂಡಸರು ಗಲ್ಫಿನಲ್ಲಿದ್ದು, ಹೆಂಗಸರು, ಮುದುಕರಷ್ಟೇ ಇರುವ ಮನೆಗಳು ಕರಾವಳಿಯಲ್ಲಿ ಎಷ್ಟಿಲ್ಲ? ಅಂಥ ಮನೆಯವರಿಗೆ “ತಡೆಯಿರಿ” ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಅಕ್ರಮ ಶೋಧದ ಸಾಕ್ಷ್ಯ ಬಿದ್ದುಹೋಗುವುದಿಲ್ಲ ಎಂಬ ಮಾತನ್ನು ಪರ ಲೇಖನ ಅರ್ಧಕ್ಕೆ ನಿಲ್ಲಿಸಿದೆ. ಅಂಥ ಜಪ್ತಿಯ ಸಾಕ್ಷ್ಯವನ್ನು ನ್ಯಾಯಾಲಯ ಹೆಚ್ಚು ಎಚ್ಚರದಿಂದ ಜಾಲಿಸಬಹುದು ಎಂದೂ ಅದೇ ರಾಧಾಕಿಶನ್ ತೀರ್ಪು ಹೇಳಿದೆ. ಮಾದಕವಸ್ತು ಪ್ರಕರಣಗಳಲ್ಲಿ ಕಾನೂನು ಇನ್ನೂ ಮುಂದೆ ಹೋಗಿದೆ. ಎನ್‌ಡಿಪಿಎಸ್ ಕಾಯ್ದೆಯ 42ನೇ ಕಲಂ ಪ್ರಕಾರ ಅಧಿಕಾರ ಪಡೆದ ಅಧಿಕಾರಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ವಾರಂಟಿಲ್ಲದೆ ಬರಬಹುದು. ರಾತ್ರಿಯಾದರೆ, ವಾರಂಟ್ ತರುವಷ್ಟರಲ್ಲಿ ಮಾಲು ಮಾಯವಾಗುತ್ತದೆಂಬ ಕಾರಣ ಬರೆದು, 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳಿಸಬೇಕು. ಇದನ್ನು ಪೂರ್ತಿ ಕೈಬಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ 2009ರ ಕರ್ನೈಲ್ ಸಿಂಗ್ ತೀರ್ಪು ಹೇಳಿದೆ. ಮಣಿಪಾಲದ ಫ್ಲ್ಯಾಟಿನಲ್ಲಿ ರಾತ್ರಿ ಹನ್ನೊಂದಕ್ಕೆ ಶೋಧ ನಡೆದರೆ ಮುಂದೆ ಆ ಹುಡುಗನ ವಕೀಲರ ಕೈಗೆ ಬರುವುದು ಗಡಿಯಾರದ ಲೆಕ್ಕ. ಎಷ್ಟು ಗಂಟೆಗೆ ಬಂದರು, ಎಷ್ಟಕ್ಕೆ ಹೊರಟರು ಎಂಬ ದಾಖಲೆ ಬಾಗಿಲಲ್ಲಿ ಆಡಿದ ಹತ್ತು ಮಾತಿಗಿಂತ ಹೆಚ್ಚು ತೂಗುತ್ತದೆ.

ಆದ್ದರಿಂದ ಗಮನ ಪೂರ್ತಿ ಮಹಜರಿನ ಮೇಲೆ, ಅಂದರೆ ಶೋಧ, ಜಪ್ತಿಯನ್ನು ಸಾಕ್ಷಿಗಳೆದುರು ಬರೆಯುವ ದಾಖಲೆಯ ಮೇಲೆ ಇರಲಿ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 103 ಪ್ರಕಾರ ಶೋಧ ಶುರುವಾಗುವ ಮೊದಲೇ ಆ ಊರಿನ ಇಬ್ಬರು ಸ್ವತಂತ್ರ, ಗೌರವಸ್ಥ ಪಂಚರನ್ನು (ಸಾಕ್ಷಿಗಳನ್ನು) ಕರೆಯಬೇಕು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟವೇ ಇರುವ ನಮ್ಮ ಒಳಪ್ರದೇಶಗಳಲ್ಲಿ ಪೊಲೀಸರು ಜೀಪಿನಲ್ಲೇ ಪಂಚರನ್ನು ಕರೆತರುವುದುಂಟು. ಊರವರು ಯಾರೂ ಸಿಗದಿದ್ದರೆ, ಸಿಕ್ಕವರು ಒಪ್ಪದಿದ್ದರೆ ಮಾತ್ರ ಹೊರಗಿನವರು ಬರಬಹುದು. ಹಾಗಾಗಿ ಮನೆಯವರೇ ನೆರೆಕರೆಯ ಇಬ್ಬರಿಗೆ ಫೋನ್ ಮಾಡಿ “ಇವರು ಪಂಚರಾಗಲು ಸಿದ್ಧ” ಎಂದು ಹೇಳಬೇಕು. ಲಿಖಿತ ಆದೇಶ ಬಂದ ಮೇಲೆ ಸಕಾರಣವಿಲ್ಲದೆ ಪಂಚರಾಗಲು ನಿರಾಕರಿಸುವುದೂ ಅಪರಾಧ ಎಂದು ನೆರೆಯವರೂ ತಿಳಿದಿರಲಿ.

ವಿಡಿಯೋ ಇನ್ನೊಂದು. ಕಲಂ 105ರಂತೆ ಶೋಧ, ಜಪ್ತಿ, ಪಟ್ಟಿ ಬರೆಯುವುದು, ಪಂಚರ ಸಹಿ ಎಲ್ಲವೂ ಧ್ವನಿ ಸಮೇತ ಚಿತ್ರೀಕರಣವಾಗಬೇಕು, ಮೊಬೈಲ್ ಸಾಕು. ಅದಕ್ಕೆಂದೇ ಇ-ಸಾಕ್ಷ್ಯ ಆ್ಯಪ್ ಬಂದಿದೆ. ತಪ್ಪುವುದು ಎಲ್ಲಿ ಎಂದರೆ, ಸೊತ್ತು ಸಿಕ್ಕಿದ ಮೇಲೆ ಕ್ಯಾಮೆರಾ ಆನ್ ಮಾಡುವಲ್ಲಿ. ಆಗ ಕಪಾಟು ತೆರೆದ ಕ್ಷಣವೇ ದಾಖಲೆಯಲ್ಲಿ ಇರುವುದಿಲ್ಲ. “ಹೊಸ್ತಿಲಿನಿಂದಲೇ ರೆಕಾರ್ಡ್ ಮಾಡಿ” ಎಂದು ಕೇಳಿ. ಮಳೆಗಾಲದಲ್ಲಿ ಕರೆಂಟ್ ಹೋಗಿದ್ದರೆ ಬೆಳಕು ಬರುವವರೆಗೆ ಒಳಕೋಣೆಗೆ ಹೋಗುವುದು ಬೇಡ ಎಂದು ಕೇಳಿ. ಪ್ರತಿ ಕೋಣೆಗೂ ಮನೆಯವರೊಬ್ಬರು ಜೊತೆಗೆ ಹೋಗಬೇಕು. ಇರಲು ಬಿಡಬೇಕೆಂದು ಕಲಂ 103 ಹೇಳುತ್ತದೆ. ಮೂವರು ಪೊಲೀಸರು ಮೂರು ಕೋಣೆಗೆ ಏಕಕಾಲಕ್ಕೆ ನುಗ್ಗಿದರೆ ಒಬ್ಬರ ಕಣ್ಣು ಎಲ್ಲಿಗೂ ಸಾಲದು. ಹೆಣ್ಣುಮಕ್ಕಳ ಮೈಶೋಧವನ್ನು ಮಹಿಳೆಯೇ, ಮರ್ಯಾದೆಗೆ ಕುಂದಿಲ್ಲದಂತೆ ಮಾಡಬೇಕು.

ಪಟ್ಟಿಯ ಹಾಳೆಯನ್ನು ಹತ್ತಿರದಿಂದ ನೋಡಿ. “ಒಂದು ಮೊಬೈಲ್” ಎಂದಿದ್ದರೆ ಅದು ಪಟ್ಟಿಯಲ್ಲ. ಕಂಪನಿ, ಬಣ್ಣ, ಫೋನಿನ ಗುರುತಿನ ಐಎಂಇಐ ಸಂಖ್ಯೆ ಬೇಕು. ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದರೆ ಪರದೆಯ ಮೇಲೆ ಬರುತ್ತದೆ, ಎರಡು ಸಿಮ್ಮಿನ ಫೋನಾದರೆ ಎರಡು ಸಂಖ್ಯೆ. ನಗದಾದರೆ 500ರ ನೋಟು ಎಷ್ಟು, 200ರದ್ದು ಎಷ್ಟು ಎಂಬ ಲೆಕ್ಕ. ಚಿನ್ನವಾದರೆ ಗ್ರಾಂ ತೂಕ. ತಕ್ಕಡಿ ಇಲ್ಲದಿದ್ದರೆ ಕರಿಮಣಿ ಒಂದು, ಬಳೆ ನಾಲ್ಕು ಎಂದು ಎಣಿಕೆ, ಜೊತೆಗೆ ಫೋಟೋ. ಸಿಸಿಟಿವಿಯ ಚಿತ್ರ ಉಳಿಸುವ ಡಿವಿಆರ್ ಪೆಟ್ಟಿಗೆ ಒಯ್ದರೆ ಸೀರಿಯಲ್ ನಂಬರ್ ಬರೆಸಲೇಬೇಕು, ಯಾಕೆಂದರೆ ಶೋಧ ಹೇಗೆ ನಡೆಯಿತೆಂಬ ನಿಮ್ಮ ಸಾಕ್ಷಿಯೂ ಅದರೊಳಗೇ ಇದೆ. ಶುರುವಾದ ಹೊತ್ತು, ಮುಗಿದ ಹೊತ್ತು ಎರಡೂ ಇರಲಿ. ಕೊನೆಯ ಸಾಲಿನ ಕೆಳಗಿನ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಸಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. “ಠಾಣೆಗೆ ಬನ್ನಿ, ಅಲ್ಲಿ ಬರೆಯೋಣ” ಎಂಬಲ್ಲಿಯೇ ಮಹಜರುಗಳು ಕೆಡುವುದು. ಪಂಚರು ಪಾಟೀಸವಾಲಿನಲ್ಲಿ “ಠಾಣೆಯಲ್ಲಿ ಸಹಿ ಹಾಕಿದೆ” ಎಂದರೆ ಪೊಲೀಸರ ಕೇಸಿಗೂ ಪೆಟ್ಟು, ಸೊತ್ತು ಕಳೆದುಕೊಂಡ ಮನೆಯವರಿಗೂ ಪೆಟ್ಟು. ಪಟ್ಟಿಯ ಪ್ರತಿಯನ್ನು ಸ್ಥಳದಲ್ಲೇ ಕೇಳಿ ಪಡೆಯಬೇಕು. ಏನೂ ಸಿಗದಿದ್ದರೆ “ಏನೂ ಸಿಗಲಿಲ್ಲ” ಎಂದೂ ಬರೆಸಿ.

ಶೋಧದ ದಾಖಲೆಯ ಪ್ರತಿ ಕೂಡಲೇ, ಹೆಚ್ಚೆಂದರೆ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಸಿಆರ್‌ಪಿಸಿಯಲ್ಲಿ ಈ ಗಂಟೆಯ ಮಿತಿ ಇರಲಿಲ್ಲ. ಮೂರನೆಯ ದಿನ ಆ ಠಾಣೆ ಸೇರಿದ ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್) ನ್ಯಾಯಾಲಯಕ್ಕೆ ಹೋಗಿ ಮನೆಯವರು ಅರ್ಜಿ ಕೊಟ್ಟರೆ ಅದರ ಪ್ರತಿ ಉಚಿತವಾಗಿ ಸಿಗಬೇಕು. ಅರ್ಜಿಯಲ್ಲಿ ಠಾಣೆ, ಕ್ರೈಂ ನಂಬರ್, ಶೋಧದ ದಿನ, ಹೊತ್ತು ಇಷ್ಟೇ ಸಾಕು. ದಾಖಲೆ ಬಂದಿಲ್ಲ ಎಂದು ನ್ಯಾಯಾಲಯದ ಕಡತದಲ್ಲಿ ಕಂಡರೆ, ಶೋಧದ ನಿಯಮ ಮುರಿದದ್ದಕ್ಕೆ ಅದಕ್ಕಿಂತ ಬಲವಾದ ಪುರಾವೆ ಹೊಸ್ತಿಲ ವಾದದಲ್ಲಿ ಹುಟ್ಟುವುದಿಲ್ಲ. ತನಿಖೆ ಹೇಗೆ ನಡೆಸಬೇಕೆಂಬ ಕಾನೂನನ್ನು ತಿಳಿದೂ ಮುರಿದು ಇನ್ನೊಬ್ಬರಿಗೆ ಹಾನಿ ಮಾಡಿದ ನೌಕರನಿಗೆ ನ್ಯಾಯ ಸಂಹಿತೆಯ 199ನೇ ಕಲಂನಲ್ಲಿ ಕನಿಷ್ಠ ಆರು ತಿಂಗಳ ಕಠಿಣ ಶಿಕ್ಷೆ ಇದೆ. ಸರ್ಕಾರದ ಅನುಮತಿ ಪಡೆಯುವುದು ಕಷ್ಟ, ಒಪ್ಪುತ್ತೇನೆ. ಕಾಗದ ಕೈಯಲ್ಲಿಲ್ಲದೆ ಅನುಮತಿ ಕೇಳುವುದು ಇನ್ನೂ ಕಷ್ಟ.

ಒಯ್ದ ಸೊತ್ತು ಬಿಡಿಸಿಕೊಳ್ಳಲು ಅದೇ ನ್ಯಾಯಾಲಯದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 503ರಡಿ ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ಹಣವಿಲ್ಲದವರು 15100ಕ್ಕೆ ಕರೆ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರದ ನೆರವು ಸಿಗುತ್ತದೆ. ವಕೀಲರು ಮೊದಲು ಕೇಳುವುದು ಆ ದಿನ ಕೈಗೆ ಬಂದ ಪಟ್ಟಿಯ ಪ್ರತಿಯನ್ನೇ. ಅದರಲ್ಲಿ ಇಲ್ಲದ ಬಳೆಯನ್ನು ವಾಪಸು ಕೇಳುವುದು ಬಹಳ ಕಷ್ಟದ ಕೆಲಸ.